ನಮ್ಮ ಎಂಪಿ ಸಂಸತ್ತಿನಲ್ಲಿ ಏನು ಮಾಡಿದರು? ಆ ಲೆಕ್ಕ ಓದೋದು ಹೇಗೆ?

ಲೋಕಸಭೆ ಚುನಾವಣೆ ಹತ್ತಿರ ಬಂದರೆ ಸಾಕು, ವಾಟ್ಸಾಪಿನಲ್ಲಿ ಒಂದು ಚಿತ್ರ ಓಡಾಡೋಕೆ ಶುರುವಾಗುತ್ತದೆ. ಸಂಸದರ ಫೋಟೋ, ಪಕ್ಕದಲ್ಲಿ ಮೂರು ಅಂಕಿ. ಹಾಜರಿ ಶೇಕಡಾ ಇಷ್ಟು, ಕೇಳಿದ ಪ್ರಶ್ನೆ ಇಷ್ಟು, ಮಾತಾಡಿದ್ದು ಇಷ್ಟು ಸಲ. ಅಂಕಿ ಚೆನ್ನಾಗಿದ್ದರೆ ಅಭಿಮಾನಿಗಳು ಹಂಚುತ್ತಾರೆ, ಚೆನ್ನಾಗಿಲ್ಲದಿದ್ದರೆ ಎದುರಾಳಿಗಳು ಹಂಚಿ ಕಾಲೆಳೆಯುತ್ತಾರೆ. ಅಂಕಿಗಳೇನೂ ಸಾಮಾನ್ಯವಾಗಿ ಸುಳ್ಳಲ್ಲ. ಓದುವ ಬಗೆ ಗೊತ್ತಿಲ್ಲದಿದ್ದರೆ ಮಾತ್ರ ಅವು ದಾರಿ ತಪ್ಪಿಸುತ್ತವೆ.

ಮಂಡ್ಯದವರಿಗೆ ಇನ್ನೊಂದು ಪೇಚು. ಈಗ ತಮ್ಮ ಸಂಸದರ ಹೆಸರು ಹಾಕಿ ಹಾಜರಿ ಹುಡುಕಿದರೆ ಅಂಕಿಯೇ ಸಿಗುವುದಿಲ್ಲ. ಪಕ್ಕದ ಮೈಸೂರಿನ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರದ್ದು ಸಿಗುತ್ತದೆ, ಚಾಮರಾಜನಗರದ ಸುನಿಲ್ ಬೋಸ್ ಅವರದ್ದೂ ಸಿಗುತ್ತದೆ. ಎಚ್.ಡಿ. ಕುಮಾರಸ್ವಾಮಿ ಅವರದ್ದು ಖಾಲಿ. ಹಾಗಂತ ಅವರು ದೆಹಲಿ ಕಡೆ ತಲೆ ಹಾಕಿಲ್ಲ ಎಂದಲ್ಲ. 2024ರ ಜೂನ್‌ನಲ್ಲಿ ಅವರು ಕೇಂದ್ರದ ಭಾರೀ ಕೈಗಾರಿಕೆ ಮತ್ತು ಉಕ್ಕು ಸಚಿವರಾದರು. ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಅವರು ಪ್ರಶ್ನೆ ಕೇಳುವ ಹಾಗೂ ಇಲ್ಲ, ಉತ್ತರ ಹೇಳುವುದು ಅವರ ಕೆಲಸ. ಖಾಸಗಿ ಮಸೂದೆ, ಅಂದರೆ ಸಚಿವರಲ್ಲದ ಸದಸ್ಯರು ಮಂಡಿಸುವ ಮಸೂದೆ, ತರುವ ಹಾಗಿಲ್ಲ. ಇಲಾಖೆಗಳ ಕೆಲಸ ಪರಿಶೀಲಿಸುವ ಸ್ಥಾಯಿ ಸಮಿತಿಗಳಲ್ಲಿ ಸದಸ್ಯರಾಗಿ ಕೂರುವ ಹಾಗಿಲ್ಲ. ಅಲ್ಲಿಗೆ ವಾಟ್ಸಾಪಿನ ಮೂರು ಅಂಕಿಯೂ ಅವರಿಗೆ ಅನ್ವಯಿಸುವುದಿಲ್ಲ. ವಿರೋಧ ಪಕ್ಷದ ನಾಯಕರೂ ಸಹಿ ಹಾಕುವುದಿಲ್ಲ. ಸಚಿವರ ಪುಟದಲ್ಲಿ ಸೊನ್ನೆ ತೋರಿಸಿ ನಗುವವರನ್ನು ಕಂಡರೆ ಇಷ್ಟು ಹೇಳಿದರೆ ಸಾಕು.

ಹುಡುಕುವ ಮೊದಲು ನಿಮ್ಮ ಸಂಸದರು ಯಾರು ಅನ್ನೋದೂ ಖಚಿತವಿರಲಿ. ತಮಾಷೆ ಮಾಡುತ್ತಿಲ್ಲ. ಮೈಸೂರು ಜಿಲ್ಲೆ ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿದೆ. ಕೆ.ಆರ್. ನಗರದವರು ಜಿಲ್ಲೆಯಲ್ಲಿ ಮೈಸೂರಿನವರು, ಲೋಕಸಭೆಗೆ ಮಂಡ್ಯದವರು. ನಂಜನಗೂಡು, ಎಚ್.ಡಿ. ಕೋಟೆ, ತಿ. ನರಸೀಪುರ, ವರುಣಾ ಚಾಮರಾಜನಗರಕ್ಕೆ ಸೇರುತ್ತವೆ. ಉಳಿದವು ಕೊಡಗಿನ ಎರಡು ವಿಧಾನಸಭಾ ಕ್ಷೇತ್ರಗಳ ಜೊತೆ ಸೇರಿ ಮೈಸೂರು ಕ್ಷೇತ್ರ. ನಂಜನಗೂಡಿನವರು ಮೈಸೂರಿನ ಎಂಪಿಗೆ ಬೈಯುವುದು ನಮ್ಮಲ್ಲಿ ಮಾಮೂಲಿ.

ಹಾಜರಿ

ಹಾಜರಿ ಅಂದರೆ ಆ ದಿನ ಸಹಿ ಬಿದ್ದಿದೆ ಎಂದರ್ಥ, ಅಷ್ಟೇ. ಈಗ ಪುಸ್ತಕದ ಬದಲು ಡಿಜಿಟಲ್ ಆಗಿ ಹಾಕುತ್ತಾರೆ. ಬೆಳಿಗ್ಗೆ 11ಕ್ಕೆ ಬಂದು ಸಂಜೆವರೆಗೆ ಕೂತವರಿಗೂ ಒಂದೇ ಹಾಜರಿ, ಸಹಿ ಹಾಕಿ ಹತ್ತು ನಿಮಿಷಕ್ಕೆ ಎದ್ದು ಹೋದವರಿಗೂ ಒಂದೇ ಹಾಜರಿ. ಅಧಿವೇಶನದ ದಿನಭತ್ಯೆ ಸಿಗಬೇಕಾದರೆ ಸಹಿ ಬೇಕೇ ಬೇಕು. ಈಗ ಅದು ದಿನಕ್ಕೆ 2,500 ರೂಪಾಯಿ. ಹಾಗಾಗಿ ದೆಹಲಿಯಲ್ಲಿದ್ದವರು ಸಹಿ ಹಾಕದೆ ಬಿಡುವುದು ಕಡಿಮೆ.

17ನೇ ಲೋಕಸಭೆಯಲ್ಲಿ, ಅಂದರೆ 2019ರಿಂದ 2024ರವರೆಗೆ, ಸಂಸದರ ಸರಾಸರಿ ಹಾಜರಿ ಶೇ 79 ಇತ್ತು. ಇದನ್ನು ಅಳತೆಗೆ ಇಟ್ಟುಕೊಳ್ಳಬಹುದು. ಶೇ 40, 50ಕ್ಕೆ ಇಳಿದಿದ್ದರೆ ಯಾಕೆ ಅಂತ ಕೇಳಲೇಬೇಕು. ಆದರೆ ಶೇ 82ಕ್ಕೂ ಶೇ 91ಕ್ಕೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಏನಿಲ್ಲ. ಐದು ವರ್ಷದಲ್ಲಿ ಆ ಸದನ ಕೂತಿದ್ದೇ 274 ದಿನ. ಅವಧಿ ಪೂರ್ತಿ ಮಾಡಿದ ಲೋಕಸಭೆಗಳಲ್ಲೇ ಇದು ತೀರಾ ಕಡಿಮೆ. ವರ್ಷಕ್ಕೆ ಲೆಕ್ಕ ಹಾಕಿದರೆ 55 ದಿನ ಬರುತ್ತದೆ. ಸಂಸದರ ಹಾಜರಿ ಕೇಳುವ ನಾವು ಸಂಸತ್ತಿನ ಹಾಜರಿಯನ್ನೂ ಒಮ್ಮೆ ಕೇಳಬೇಕು, ಅಲ್ವಾ?

ಹಾಜರಿ ಕಡಿಮೆಯಾಗಲು ಕಾಯಿಲೆ ಕಾರಣ ಇರಬಹುದು, ಅಮಾನತೂ ಇರಬಹುದು. 2023ರ ಡಿಸೆಂಬರ್ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸಂಸದರನ್ನು ಅಮಾನತು ಮಾಡಿದ್ದರು. ಅವರು ಬಾಗಿಲ ಹೊರಗೆ ಧರಣಿ ಕೂತಿದ್ದರೂ ಒಳಗಿನ ಹಾಜರಿ ಬೀಳುವುದಿಲ್ಲ. ಸಂವಿಧಾನದಲ್ಲಿ ಇನ್ನೊಂದು ಗಡುವೂ ಇದೆ. ಅನುಮತಿ ಇಲ್ಲದೆ 60 ದಿನ ಕಲಾಪಕ್ಕೆ ಬರದಿದ್ದರೆ ಸದನ ಆ ಸ್ಥಾನ ಖಾಲಿ ಎಂದು ಘೋಷಿಸಬಹುದು. ವರ್ಷಕ್ಕೆ ಸದನ ಕೂರುವುದೇ ಅಷ್ಟರ ಆಸುಪಾಸು ಎಂಬುದನ್ನು ನೆನಪಿಡಿ.

ಪ್ರಶ್ನೆ: ಎಣಿಸಬೇಡಿ, ಓದಿ

ನನ್ನ ಮಟ್ಟಿಗೆ ಸಂಸದರ ಕೆಲಸ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ದಿನದ ಮೊದಲ ಗಂಟೆ ಪ್ರಶ್ನೋತ್ತರ ವೇಳೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಗುರುತಿನದ್ದಕ್ಕೆ ಸಚಿವರು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ ಬರುತ್ತದೆ, ಮುಗಿಯಿತು. 20ರಲ್ಲಿ ಒಂದು ಗಂಟೆಯೊಳಗೆ ಚರ್ಚೆಗೆ ಬರುವುದು ಕೆಲವೇ ಕೆಲವು, ಉಳಿದವಕ್ಕೂ ಲಿಖಿತ ಉತ್ತರವೇ ಗತಿ.

ಯಾರ ಪ್ರಶ್ನೆ ಬರಬೇಕು ಅನ್ನೋದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಅದೃಷ್ಟದ ಪಾಲೂ ಇದೆ. ಒಂದೇ ವಿಷಯದ ಪ್ರಶ್ನೆಗಳನ್ನು ಸೇರಿಸಿ ನಾಲ್ಕೈದು ಸಂಸದರ ಹೆಸರು ಒಟ್ಟಿಗೆ ಹಾಕುವುದೂ ಉಂಟು. ಆಗ ಪ್ರಶ್ನೆ ಒಂದೇ ಆದರೂ ಎಲ್ಲರ ಖಾತೆಗೂ ಒಂದೊಂದು ಸೇರುತ್ತದೆ. ಇನ್ನು 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು, ಬರೀ ಲಿಖಿತ ಉತ್ತರ ಕೊಟ್ಟಿದ್ದರು. ಇಷ್ಟೆಲ್ಲ ಇರುವಾಗ "ನಮ್ಮವರು 300, ನಿಮ್ಮವರು 120" ಎಂಬ ಜಗಳಕ್ಕೆ ಅರ್ಥ ಕಡಿಮೆ. ಆ 300ರಲ್ಲಿ ಯಾವುದಾದರೂ ಐದನ್ನು ತೆರೆದು ಓದಿ. ಒಂದು ಗಂಟೆ ಕೂಡ ಬೇಕಿಲ್ಲ.

ಓದುವಾಗ ಏನು ನೋಡಬೇಕು? ಕಬ್ಬಿನ ವಿಷಯ ಹಿಡಿದು ನಾವೇ ಎರಡು ಪ್ರಶ್ನೆ ಬರೆದು ನೋಡೋಣ. ಮೊದಲನೆಯದು ಹೀಗಿದೆ ಅಂದುಕೊಳ್ಳಿ: "ಕಬ್ಬು ಬೆಳೆಗಾರರ ಹಿತ ಕಾಯಲು ಸರ್ಕಾರ ಕೈಗೊಂಡ ಕ್ರಮಗಳೇನು?" ಇದಕ್ಕೆ ಸಚಿವಾಲಯ ಯೋಜನೆಗಳ ಹೆಸರು ಸಾಲಾಗಿ ಬರೆದು ನಾಲ್ಕು ಪುಟ ಕೊಡುತ್ತದೆ. ಮದ್ದೂರಿನ ರೈತನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಎರಡನೆಯದನ್ನು ಕಾನೂನು ಕೈಯಲ್ಲಿ ಹಿಡಿದು ಬರೆಯೋಣ. ಕಬ್ಬಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡುವುದು ಕೇಂದ್ರ. 2025-26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಈಗ ಪ್ರಶ್ನೆ: "(ಎ) ಕರ್ನಾಟಕದಲ್ಲಿ 14 ದಿನ ದಾಟಿದ ಮೇಲೂ ಬಾಕಿ ಉಳಿಸಿಕೊಂಡ ಕಾರ್ಖಾನೆಗಳು ಯಾವುವು, ಜಿಲ್ಲಾವಾರು ಬಾಕಿ ಎಷ್ಟು? (ಬಿ) ಕಳೆದ ಮೂರು ವರ್ಷದಲ್ಲಿ ರೈತರಿಗೆ ಬಡ್ಡಿ ಕೊಡಿಸಿದ್ದು ಎಷ್ಟು ಪ್ರಕರಣಗಳಲ್ಲಿ? (ಸಿ) ಕೊಡಿಸಿಲ್ಲವಾದರೆ ಕಾರಣವೇನು?" ಇದಕ್ಕೆ ಯೋಜನೆಗಳ ಪಟ್ಟಿ ಕೊಟ್ಟು ಜಾರಿಕೊಳ್ಳುವುದು ಕಷ್ಟ. "ಜಾರಿ ಮಾಡುವ ಅಧಿಕಾರ ರಾಜ್ಯಗಳಿಗೆ ಕೊಟ್ಟಿದ್ದೇವೆ" ಎಂಬ ಉತ್ತರ ಬರಬಹುದು. ಬಂದರೂ ಲಾಭವೇ. ಅದೇ ಕಾಗದ ಹಿಡಿದು ಶಾಸಕರನ್ನು ಕೇಳಬಹುದು.

"ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಎಂಬ ಉತ್ತರ ಕಂಡರೆ ಬಹಳ ಜನ ಅಲ್ಲಿಗೆ ಕೈಬಿಡುತ್ತಾರೆ. ನಿಯಮದಲ್ಲಿ ಇಂಥ ಮಾತಿಗೆ ತೂಕ ಇದೆ. ಅದು ಸದನಕ್ಕೆ ಕೊಟ್ಟ ಭರವಸೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೇ ಇಲ್ಲವೇ ಎಂದು ನೋಡಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಒಳ್ಳೆಯ ಸಂಸದರು ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆಯ ಬಾಲ ಹಿಡಿದು ಮತ್ತೆ ಕೇಳುತ್ತಾರೆ. ನಾನು ಮುಖ್ಯವಾಗಿ ನೋಡುವುದು ಇದನ್ನೇ. ಒಂದೇ ವಿಷಯವನ್ನು ಎರಡು ಮೂರು ಅಧಿವೇಶನ ಬೆನ್ನು ಹತ್ತಿದ್ದಾರಾ, ಅಥವಾ ಪ್ರತಿ ಸಲ ಹೊಸ ವಿಷಯಕ್ಕೆ ಹಾರಿದ್ದಾರಾ?

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ, ಕುಶಾಲನಗರದ ರೈಲು ಮಾರ್ಗ, ಬೆಂಗಳೂರು-ಮೈಸೂರು ಹೆದ್ದಾರಿಯ ಟೋಲು ಮತ್ತು ಸರ್ವಿಸ್ ರಸ್ತೆ, ಇವೆಲ್ಲ ಕೇಂದ್ರದ ವ್ಯಾಪ್ತಿಯ ವಿಷಯಗಳು. ಸಂಸದರು ಕೇಳಲೇಬೇಕಾದವು. ಆಸ್ತಿಯ ಖಾತೆ, ಯುಜಿಡಿ (ಒಳಚರಂಡಿ), ಬೀದಿದೀಪ ಅವರ ಪ್ರಶ್ನೆಪಟ್ಟಿಯಲ್ಲಿ ಹುಡುಕಬೇಡಿ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಕೂಡ ರಾಜ್ಯದ್ದು.

ಮಾತು

ಚರ್ಚೆಯ ಅಂಕಿ ಇನ್ನೂ ಗೋಜಲು. ತುರ್ತು ವಿಷಯ ಎತ್ತಲು ಇರುವ ಶೂನ್ಯ ವೇಳೆಯಲ್ಲಿ ಒಂದೆರಡು ನಿಮಿಷ ಮಾತಾಡಿದರೂ ಒಂದು, ಬಜೆಟ್ ಮೇಲೆ ಅರ್ಧ ಗಂಟೆ ಮಾತಾಡಿದರೂ ಒಂದು. ದೊಡ್ಡ ಚರ್ಚೆಗಳಲ್ಲಿ ಸಮಯ ಹಂಚುವುದು ಪಕ್ಷದ ಬಲ ನೋಡಿ. ದೊಡ್ಡ ಪಕ್ಷದಲ್ಲಿ ಮಾತಾಡೋಕೆ ಸರದಿ ಜಾಸ್ತಿ, ಸಣ್ಣ ಪಕ್ಷದವರಿಗೆ ಮತ್ತು ಪಕ್ಷೇತರರಿಗೆ ನಿಮಿಷ ಕಡಿಮೆ. ಕಾವೇರಿ ಗಲಾಟೆ ಎದ್ದಾಗ ನಮ್ಮ ಭಾಗದ ಸಂಸದರು ಶೂನ್ಯ ವೇಳೆಯಲ್ಲಿ ಎದ್ದು ಮಾತಾಡಿದ ತುಣುಕು ಮೊಬೈಲಿಗೆ ಬರುತ್ತದೆ. ಮಾತಾಡಿದ್ದು ಒಳ್ಳೆಯದೇ. ಆದರೆ ನೀರು ಎಷ್ಟು ಬಿಡಬೇಕು ಅನ್ನೋದನ್ನು ನೋಡುವುದು 2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಮೇಲೆ ಸುಪ್ರೀಂ ಕೋರ್ಟ್. ಆ ತುಣುಕಿನಿಂದ ಕೆಆರ್‌ಎಸ್ ಗೇಟು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ.

ಕನ್ನಡದಲ್ಲಿ ಮಾತಾಡಿದರಾ ಎಂದು ಕೇಳುವವರೂ ಇದ್ದಾರೆ. ಸಂವಿಧಾನದ 120ನೇ ವಿಧಿಯ ಪ್ರಕಾರ ಸಂಸತ್ತಿನ ಭಾಷೆ ಹಿಂದಿ ಅಥವಾ ಇಂಗ್ಲಿಷ್, ಸಭಾಧ್ಯಕ್ಷರು ಒಪ್ಪಿದರೆ ತಾಯ್ನುಡಿ. ಜೆ.ಎಚ್. ಪಟೇಲರು 1967ರಲ್ಲೇ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ದಾರಿ ಮಾಡಿಕೊಟ್ಟರು. ಈಗ ಅನುವಾದಕರಿದ್ದಾರೆ. ಕನ್ನಡ ಭಾಷಣ ಕಲಾಪದ ವರದಿಯಲ್ಲಿ ಅನುವಾದವಾಗಿ ಅಚ್ಚಾಗಿರುತ್ತದೆ, ಹುಡುಕುವಾಗ ಗಮನಿಸಿ.

ಖಾಸಗಿ ಮಸೂದೆಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಸ್ವಾತಂತ್ರ್ಯ ಬಂದಾಗಿನಿಂದ ಕಾನೂನಾಗಿದ್ದು 14, ಕೊನೆಯದು 1970ರಲ್ಲಿ. ಅದು ಸಂಸದರ ಆಸಕ್ತಿ ಏನೆಂದು ತೋರಿಸುತ್ತದೆ, ಅಷ್ಟೇ. ಸ್ಥಾಯಿ ಸಮಿತಿಗಳಲ್ಲಿ ಮಾತ್ರ ನಿಜವಾದ ಕೆಲಸ ನಡೆಯುತ್ತದೆ. ಇಲಾಖೆಗಳಿಗೆ ಸಂಬಂಧಿಸಿದ ಇಂಥ 24 ಸಮಿತಿಗಳಿವೆ, ಒಂದೊಂದರಲ್ಲಿ 31 ಸದಸ್ಯರು. ಸಭೆ ಮುಚ್ಚಿದ ಬಾಗಿಲ ಹಿಂದೆ, ಕ್ಯಾಮೆರಾ ಇಲ್ಲ. ಯಾರು ಬಂದಿದ್ದರು ಎಂಬುದು ವರದಿಯ ಕೊನೆಗೆ ಸೇರಿಸಿದ ನಡಾವಳಿಯಲ್ಲಿ ಸಿಗುತ್ತದೆ. ಯಾರೂ ಅದನ್ನು ಚಿತ್ರ ಮಾಡಿ ಹಂಚುವುದಿಲ್ಲ.

ಮತ: ಬಹಳ ಸಲ ದಾಖಲೆಯೇ ಇಲ್ಲ

ಸಂಸದರನ್ನು ಕಳಿಸುವುದೇ ನಮ್ಮ ಪರವಾಗಿ ಮತ ಹಾಕಲಿಕ್ಕೆ. ಆದರೆ ಬಹುಪಾಲು ಮಸೂದೆಗಳಿಗೆ ಯಾರು ಏನು ಹಾಕಿದರು ಎಂಬ ಲೆಕ್ಕವೇ ಇಲ್ಲ. ಕಾರಣ ಧ್ವನಿಮತ. ಸಭಾಧ್ಯಕ್ಷರು "ಪರವಾಗಿರುವವರು ಹೌದು ಎನ್ನಿ" ಎನ್ನುತ್ತಾರೆ, ಒಂದಷ್ಟು ಸದ್ದು. "ವಿರುದ್ಧ ಇರುವವರು ಇಲ್ಲ ಎನ್ನಿ" ಎನ್ನುತ್ತಾರೆ, ಇನ್ನಷ್ಟು ಸದ್ದು. "ಹೌದು ಎಂದವರೇ ಹೆಚ್ಚು" ಎಂದು ಎರಡು ಮೂರು ಸಲ ಹೇಳಿ ಮುಗಿಸುತ್ತಾರೆ. ಕಡತದಲ್ಲಿ ಉಳಿಯುವುದು "ಅಂಗೀಕರಿಸಲಾಯಿತು" ಎಂಬ ಒಂದು ಸಾಲು.

ಮೂರು ಕೃಷಿ ಮಸೂದೆಗಳನ್ನೇ ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಧ್ವನಿಮತ. ಅದೇ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಎಣಿಕೆಗೆ ಪಟ್ಟು ಹಿಡಿದರು, ಗದ್ದಲವಾಯಿತು. ಅವತ್ತಿನ ಎರಡು ಮಸೂದೆಗಳೂ ಧ್ವನಿಮತದಲ್ಲೇ ಪಾಸಾದವು. 2021ರ ನವೆಂಬರ್ 29ರಂದು ಮೂರೂ ಕಾಯ್ದೆ ವಾಪಸ್ ಪಡೆದಾಗ ಚರ್ಚೆಯೂ ಇಲ್ಲ, ಎಣಿಕೆಯೂ ಇಲ್ಲ. ವರ್ಷಗಟ್ಟಲೆ ದೇಶವೇ ಜಗಳವಾಡಿದ ಕಾಯ್ದೆ. ಬಂದಾಗಲೂ ಹೋದಾಗಲೂ ನಮ್ಮ ಸಂಸದರು ಯಾವ ಕಡೆ ಕೂಗಿದರು ಎಂದು ಹೆಸರು ಹಿಡಿದು ಹೇಳುವ ಕಾಗದ ಇಲ್ಲ. ನನಗೆ ಇದು ಹಾಜರಿಗಿಂತ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಹೆಸರು ದಾಖಲಾಗಬೇಕಾದರೆ ಸದಸ್ಯರು ಎದ್ದು ಮತ ವಿಭಜನೆ ಕೇಳಬೇಕು. ಆಗ ಗಂಟೆ ಮೂರೂವರೆ ನಿಮಿಷ ಬಾರಿಸುತ್ತದೆ. ಹೊರಗಿದ್ದವರು ಓಡಿ ಬರುತ್ತಾರೆ, ಬಾಗಿಲು ಹಾಕುತ್ತಾರೆ. ಮೇಜಿನ ಮೇಲೆ ಗುಂಡಿಗಳಿವೆ: ಹಸಿರು ಹೌದು, ಕೆಂಪು ಇಲ್ಲ, ಹಳದಿ ತಟಸ್ಥ. ಗುಂಡಿ ಸರಿಯಾಗಿ ಒತ್ತದವರು ಚೀಟಿ ಕೊಟ್ಟು ತಿದ್ದಿಸುತ್ತಾರೆ. 2024ರ ಡಿಸೆಂಬರ್ 17ರಂದು "ಒಂದು ದೇಶ, ಒಂದು ಚುನಾವಣೆ" ಮಸೂದೆ ಮಂಡನೆಗೆ ಎಣಿಕೆ ನಡೆದಾಗ ಪರದೆ ಮೇಲೆ ಬಂದಿದ್ದು 220-149. ಚೀಟಿ ಸೇರಿಸಿದ ಮೇಲೆ ಅದು 269-198 ಆಯಿತು. ಟಿವಿಯಲ್ಲಿ ಮೊದಲು ಬಂದ ಅಂಕಿ ನೋಡಿ ತೀರ್ಮಾನಕ್ಕೆ ಬರಬಾರದು, ಕಲಾಪದ ವರದಿ ನೋಡಬೇಕು. ಸಭಾಧ್ಯಕ್ಷರಿಗೆ ವಿಭಜನೆ ಅನಗತ್ಯ ಅನ್ನಿಸಿದರೆ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಲೂಬಹುದು. ಆಗ ಹೆಸರು ದಾಖಲಾಗುವುದಿಲ್ಲ.

ಸಂವಿಧಾನ ತಿದ್ದುಪಡಿಗೆ ಮಾತ್ರ ಎಣಿಕೆ ಕಡ್ಡಾಯ. ವಿಶೇಷ ಬಹುಮತ ಬಂದಿದೆ ಎಂದು ತೋರಿಸಬೇಕಲ್ಲ. ಮಹಿಳಾ ಮೀಸಲಾತಿಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಬಿದ್ದ 454 ಹೌದು, 2 ಇಲ್ಲ, ಎಲ್ಲದಕ್ಕೂ ಹೆಸರಿದೆ. ವಕ್ಫ್ ತಿದ್ದುಪಡಿ ಮಸೂದೆ ಸಂವಿಧಾನ ತಿದ್ದುಪಡಿಯಲ್ಲ, ಆದರೂ 2025ರ ಏಪ್ರಿಲ್‌ನಲ್ಲಿ ವಿಭಜನೆ ನಡೆದು ಲೋಕಸಭೆಯಲ್ಲಿ 288-232 ಬಂತು. ಸಚಿವರ ಹೆಸರೂ ಇಂಥ ಪಟ್ಟಿಗಳಲ್ಲಿ ಇರುತ್ತದೆ. ಮಂಡ್ಯದವರಿಗೆ ತಮ್ಮ ಸಂಸದರು ಅವತ್ತು ಸದನದಲ್ಲಿದ್ದರೇ ಎಂದು ತಿಳಿಯಲು ಇದೊಂದು ದಾರಿ. ಸಂಸತ್ತಿನ ಜಾಲತಾಣದಲ್ಲಿ ಆ ದಿನದ ಲೋಕಸಭೆ ಕಲಾಪದ ಪೂರ್ತಿ ವರದಿ ತೆರೆದು ಹೆಸರು ಹುಡುಕಿ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಸಭಾತ್ಯಾಗ ಮಾಡಿರಬಹುದು, ಊರಲ್ಲಿ ಮದುವೆಗೆ ಹೋಗಿರಬಹುದು. ಪಟ್ಟಿ ಅದನ್ನು ಹೇಳುವುದಿಲ್ಲ.

ಹೆಸರು ಸಿಕ್ಕರೂ ಅದು ಸಂಸದರ ಸ್ವಂತ ಅಭಿಪ್ರಾಯ ಎಂದುಕೊಳ್ಳಬೇಡಿ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಕೊಟ್ಟರೆ ಹಾಗೇ ಮತ ಹಾಕಬೇಕು. ಮೀರಿದರೆ, 15 ದಿನದೊಳಗೆ ಪಕ್ಷ ಮನ್ನಿಸದಿದ್ದರೆ, ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ಮತದ ಪಟ್ಟಿ ಬಹುತೇಕ ಪಕ್ಷದ ನಿಲುವಿನ ಪಟ್ಟಿ. ಇದಕ್ಕೆ ಹೊರತಾದ ಅನುಭವ ಮಂಡ್ಯಕ್ಕಿದೆ. 2019ರಲ್ಲಿ ಗೆದ್ದ ಸುಮಲತಾ ಅಂಬರೀಷ್ ಪಕ್ಷೇತರರು, ಅವರಿಗೆ ವಿಪ್ ಕೊಡುವವರೇ ಇರಲಿಲ್ಲ. ಆದರೆ ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದೇ ಪಕ್ಷ ಸೇರಿದರೆ ಅನರ್ಹರಾಗುತ್ತಾರೆ. 2023ರ ಮಾರ್ಚ್‌ನಲ್ಲಿ ಅವರು ಬಿಜೆಪಿಗೆ "ಬೆಂಬಲ" ಎಂದರು, "ಸೇರ್ಪಡೆ" ಎನ್ನಲಿಲ್ಲ. ಸೇರಿದ್ದು 2024ರ ಏಪ್ರಿಲ್‌ನಲ್ಲಿ, ಲೋಕಸಭೆಯ ಅವಧಿ ಮುಗಿಯುವ ಹೊತ್ತಿಗೆ. ಆಗ ಇದೇನು ಆಟ ಎಂದು ಕೇಳಿದವರಿಗೆ ಕಾನೂನಿನ ಪುಸ್ತಕದಲ್ಲಿ ಒಂದು ಉತ್ತರ ಇದೆ.

ಬಾರದೆ ಇರುವುದೂ ಮತವೇ ಆಗಬಹುದು ಎಂಬುದನ್ನು ನಮ್ಮ ಮಂಡ್ಯ, ಮೈಸೂರು ಎರಡೂ ಜಿಲ್ಲೆ ವಿಧಾನಸಭೆಯಲ್ಲಿ ನೋಡಿವೆ. 2019ರ ಜುಲೈ 23ರಂದು ಮುಖ್ಯಮಂತ್ರಿ ಕುಮಾರಸ್ವಾಮಿ ವಿಶ್ವಾಸಮತ ಕೇಳಿದರು. ಪರವಾಗಿ 99, ವಿರುದ್ಧ 105. ಸರ್ಕಾರ ಬಿದ್ದಿದ್ದು ವಿರುದ್ಧ ಮತ ಜಾಸ್ತಿಯಾಗಿ ಎನ್ನುವುದಕ್ಕಿಂತ ಆಡಳಿತ ಕಡೆಯ ಕುರ್ಚಿಗಳು ಖಾಲಿಯಾಗಿ. ರಾಜೀನಾಮೆ ಕೊಟ್ಟು ಮುಂಬೈಯಲ್ಲಿ ಉಳಿದವರಲ್ಲಿ ಕೆ.ಆರ್. ಪೇಟೆಯ ನಾರಾಯಣಗೌಡ, ಹುಣಸೂರಿನ ಎಚ್. ವಿಶ್ವನಾಥ್ ಇದ್ದರು. ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಬಹುದು ಎಂದಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಕೆ.ಆರ್. ಪೇಟೆ ನಾರಾಯಣಗೌಡರನ್ನು ಗೆಲ್ಲಿಸಿತು, ಹುಣಸೂರು ವಿಶ್ವನಾಥರನ್ನು ಸೋಲಿಸಿತು. ಒಂದೇ ಗೈರುಹಾಜರಿಗೆ ಎರಡು ಊರು ಎರಡು ತೀರ್ಪು ಕೊಟ್ಟವು.

ನೀವೇ ಒಂದು ಪ್ರಶ್ನೆ ಕೇಳಿಸಬೇಕೆಂದಿದ್ದರೆ ಅದಕ್ಕೂ ದಾರಿ ಇದೆ. ಸಂಘದ ಹೆಸರಿನಲ್ಲಿ ಅಥವಾ ನಿಮ್ಮ ಹೆಸರಿನಲ್ಲೇ ಪ್ರಶ್ನೆಯನ್ನು ಎ, ಬಿ, ಸಿ ಎಂದು ಬಿಡಿಸಿ ಬರೆದು ಸಂಸದರ ಕಚೇರಿಗೆ ಕೊಡಿ. ಯಾವ ಸಚಿವಾಲಯಕ್ಕೆ ಸೇರಿದ್ದೆಂದು ಮೇಲೆ ಬರೆಯಿರಿ. ಪ್ರಶ್ನೆಯ ನೋಟಿಸ್ ಕನಿಷ್ಠ 15 ದಿನ ಮೊದಲು ಲೋಕಸಭಾ ಸಚಿವಾಲಯ ತಲುಪಬೇಕು. ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ವಾರವೇ ಕೊಟ್ಟರೆ ಒಳ್ಳೆಯದು, ಶುರುವಾದ ಮೇಲೆ ಕೊಟ್ಟರೆ ಅದು ಮುಂದಿನ ಸಲಕ್ಕೆ. ಮಂಡ್ಯ ಕ್ಷೇತ್ರದವರು ಸಚಿವರಿಂದ ಪ್ರಶ್ನೆ ಕೇಳಿಸಲು ಆಗುವುದಿಲ್ಲ. ಸಚಿವರಿಗೆ ಮನವಿ ಬೇರೆ ಕೊಡಿ. ಪ್ರಶ್ನೆಯನ್ನು ಮಾತ್ರ ಮೈಸೂರಿನ ಅಥವಾ ಚಾಮರಾಜನಗರದ ಸಂಸದರಿಗೆ ಕೊಡಬಹುದು, ಇಲ್ಲವೇ ರಾಜ್ಯದ 12 ರಾಜ್ಯಸಭಾ ಸದಸ್ಯರಲ್ಲಿ ಸಚಿವರೋ ವಿರೋಧ ಪಕ್ಷದ ನಾಯಕರೋ ಆಗಿಲ್ಲದ ಯಾರಿಗಾದರೂ ಕೊಡಬಹುದು.